ಕೈಯಿಂದ ಓಡಿಸಿದರೆ ಸರಿ, ಕ್ರಾನ್‌ನಲ್ಲಿ ಎರರ್: ಸ್ಕೀಮಾ ಟೂಲ್‌ಗೆ ಶೆಲ್ ಸ್ಕ್ರಿಪ್ಟ್ ಬರೆಯುವುದು

ಪ್ರಶ್ನೆ: ಡೇಟಾಬೇಸ್ ಸ್ಕೀಮಾ (ಟೇಬಲ್‌ಗಳ ರಚನೆ) ಬದಲಾವಣೆಗೆ ನಾವು ಜಾವಾದಲ್ಲಿ ಬರೆದ ಒಂದು ಟೂಲ್ ಬಳಸುತ್ತೇವೆ. ಅದನ್ನು ಓಡಿಸಲು ನಾನೊಂದು ಪುಟ್ಟ ಶೆಲ್ ಸ್ಕ್ರಿಪ್ಟ್ ಬರೆದಿದ್ದೇನೆ. ಮೊದಲು ಜಾವಾ, ಆಮೇಲೆ ಮೈನಸ್ ಸಿಪಿ, ಲಿಬ್/*, ಮೇನ್ ಕ್ಲಾಸ್ ಹೆಸರು, ಕೊನೆಗೆ $*. ಇಷ್ಟೇ, ಒಂದೇ ಸಾಲು. ಟೂಲ್ ಇರುವ ಡೈರೆಕ್ಟರಿಗೆ ಹೋಗಿ ಓಡಿಸಿದರೆ ಚೆನ್ನಾಗಿ ನಡೆಯುತ್ತಿತ್ತು. ಬೇರೆ ಕಡೆಯಿಂದ ಓಡಿಸಿದರೆ ಮೇನ್ ಕ್ಲಾಸ್ ಸಿಗಲಿಲ್ಲ ಎನ್ನುತ್ತದೆ. ಕಳೆದ ವಾರ ಲಿಬ್ ಒಳಗೆ ಇನ್ನೊಂದು ಡ್ರೈವರ್ ಜಾರ್ (ಜಾವಾ ಕ್ಲಾಸ್‌ಗಳ ಕಟ್ಟು) ಹಾಕಿದೆ. ಅಂದಿನಿಂದ ಅದೇ ಡೈರೆಕ್ಟರಿಯಲ್ಲೂ ಎರರ್. ಸ್ಪೇಸ್ ಇರುವ ಆರ್ಗ್ಯುಮೆಂಟ್ ಕೊಟ್ಟರೆ ಎರಡು ತುಂಡಾಗುತ್ತದೆ. ನಿಗದಿತ ಹೊತ್ತಿಗೆ ತಾನೇ ಓಡಿಸುವ ಕ್ರಾನ್‌ನಲ್ಲಿ ಹಾಕಿದರೆ ಜಾವಾವೇ ಇಲ್ಲ ಎನ್ನುತ್ತದೆ. ಪಾಸ್‌ವರ್ಡನ್ನು ಆರ್ಗ್ಯುಮೆಂಟ್ ಆಗಿ ಕೊಡುತ್ತಿದ್ದೇನೆ, ಅದು ಸರಿಯೇ?

ಉತ್ತರ: ನಿಮ್ಮ ಟೂಲ್‌ನಲ್ಲಿ ಏನೂ ತೊಂದರೆ ಇಲ್ಲ. ತೊಂದರೆ ಇರುವುದು ಆ ಒಂದು ಸಾಲಿನಲ್ಲಿ. ಟರ್ಮಿನಲ್ ಮುಂದೆ ಕೂತು ಕಮಾಂಡ್ ಕೊಡುವಾಗ ನಿಮ್ಮ ಸುತ್ತ ಎಷ್ಟೋ ಸಂಗತಿಗಳು ಮೊದಲೇ ಸಿದ್ಧವಾಗಿರುತ್ತವೆ. ನೀವಿರುವ ಡೈರೆಕ್ಟರಿ, ಲಾಗಿನ್ ಆದಾಗ ತುಂಬಿಕೊಂಡ ಪಾತ್ (ಶೆಲ್ ಕಮಾಂಡ್‌ಗಳನ್ನು ಹುಡುಕುವ ಡೈರೆಕ್ಟರಿಗಳ ಪಟ್ಟಿ), ಭಾಷೆಯ ಸೆಟ್ಟಿಂಗ್ ಎಲ್ಲವೂ. ಕಣ್ಣಿಗೆ ಕಾಣದ ಕಾರಣ ಅವು ಇವೆ ಎನ್ನುವುದೇ ನಮಗೆ ಮರೆತುಹೋಗುತ್ತದೆ. ಸ್ಕ್ರಿಪ್ಟ್ ಕ್ರಾನ್ ಕೈಗೆ ಹೋದಾಗ ಅವು ಅದರ ಜೊತೆ ಹೋಗುವುದಿಲ್ಲ. ಆದ್ದರಿಂದ ಸ್ಕ್ರಿಪ್ಟ್ ತನಗೆ ಬೇಕಾದ್ದನ್ನು ತಾನೇ ಹೊಂದಿಸಿಕೊಳ್ಳಬೇಕು. ನೀವು ಕೊಟ್ಟದ್ದನ್ನು ಮುಟ್ಟದೆ ಟೂಲ್‌ಗೆ ದಾಟಿಸಬೇಕು. ಟೂಲ್ ಹೇಳಿದ್ದನ್ನು ಹಾಗೇ ಹೊರಗೆ ತಲುಪಿಸಬೇಕು.

ಕಮಾಂಡ್‌ಗಳ ಹೆಸರನ್ನು ಇಲ್ಲಿ ಉಚ್ಚಾರದಂತೆ ಕನ್ನಡದಲ್ಲಿ ಬರೆದಿದ್ದೇನೆ. ಚಿಹ್ನೆಗಳು ಇದ್ದ ಹಾಗೇ ಇವೆ.

ಮೊದಲು ಲಿಬ್/* ವಿಚಾರ. ಇಲ್ಲಿ ನಿಜಕ್ಕೂ ಒಂದು ಸ್ವಾರಸ್ಯವಿದೆ. ಆ ನಕ್ಷತ್ರದ ಗುರುತಿಗೆ ಇಬ್ಬರು ಯಜಮಾನರು. ಶೆಲ್‌ಗೆ ಅದರ ಅರ್ಥ, ಹೊಂದುವ ಎಲ್ಲ ಫೈಲ್‌ಗಳ ಹೆಸರನ್ನು ಸ್ಪೇಸ್ ಹಾಕಿ ಸಾಲಾಗಿ ಬರೆ ಎಂದು. ಜಾವಾ 6ರಿಂದ ಈಚೆಗೆ ಜಾವಾಗೂ ಅದು ಅರ್ಥವಾಗುತ್ತದೆ. ಕ್ಲಾಸ್‌ಪಾತ್‌ನಲ್ಲಿ, ಅಂದರೆ ಜಾವಾ ಕ್ಲಾಸ್‌ಗಳನ್ನು ಹುಡುಕಬೇಕಾದ ಜಾಗಗಳೆಂದು ಮೈನಸ್ ಸಿಪಿಯಲ್ಲಿ ಕೊಡುವ ಪಟ್ಟಿಯಲ್ಲಿ, ಡೈರೆಕ್ಟರಿ ಹೆಸರಿನ ಕೊನೆಗೆ /* ಇದ್ದರೆ ಅದರೊಳಗಿನ ಎಲ್ಲ ಜಾರ್ ಫೈಲ್‌ಗಳನ್ನು ಜಾವಾ ತಾನೇ ಸೇರಿಸಿಕೊಳ್ಳುತ್ತದೆ. ನೀವು ಕೋಟ್ ಹಾಕಿಲ್ಲ. ಹಾಗಾಗಿ ಶೆಲ್ ಮೊದಲು ಕೈ ಹಾಕುತ್ತದೆ.

ಲಿಬ್ ಒಳಗೆ ಒಂದೇ ಜಾರ್ ಇದ್ದಾಗ ಶೆಲ್ ಅದನ್ನು ಒಂದೇ ಹೆಸರಾಗಿ ಬಿಡಿಸಿತು. ಜಾವಾಗೆ ಸರಿಯಾದ ಕ್ಲಾಸ್‌ಪಾತ್ ಸಿಕ್ಕಿತು. ಅಂದರೆ ಇಷ್ಟು ದಿನ ಸ್ಕ್ರಿಪ್ಟ್ ನಡೆದದ್ದು ಅದೃಷ್ಟದಿಂದ. ಎರಡನೇ ಜಾರ್ ಬಂದ ಕೂಡಲೇ ಶೆಲ್ ಎರಡು ಹೆಸರು ಬರೆಯಿತು. ಜಾವಾ ಮೊದಲನೆಯದನ್ನು ಕ್ಲಾಸ್‌ಪಾತ್ ಎಂದುಕೊಂಡಿತು, ಎರಡನೆಯದನ್ನು ಮೇನ್ ಕ್ಲಾಸ್ ಹೆಸರು ಎಂದುಕೊಂಡಿತು. ನಿಮ್ಮ ಎರರ್ ಸಾಲನ್ನು ಇನ್ನೊಮ್ಮೆ ನೋಡಿ. ಸಿಗಲಿಲ್ಲ ಎನ್ನುವ ಕ್ಲಾಸ್ ಹೆಸರಿನ ಜಾಗದಲ್ಲಿ ಜಾರ್ ಫೈಲ್ ಹೆಸರೇ ಇರಬೇಕು, ಅದರಲ್ಲಿನ ಓರೆಗೆರೆ ಚುಕ್ಕಿಯಾಗಿರಬೇಕು. ಬೇರೆ ಡೈರೆಕ್ಟರಿಯಿಂದ ಓಡಿಸಿದಾಗ ಆದದ್ದು ಬೇರೆ. ಅಲ್ಲಿ ಲಿಬ್ ಎನ್ನುವುದೇ ಇಲ್ಲ. ಹೊಂದುವ ಫೈಲ್ ಸಿಗದಿದ್ದರೆ ಶೆಲ್ ಆ ಪದವನ್ನು ಇದ್ದ ಹಾಗೇ ಬಿಡುತ್ತದೆ. ಜಾವಾ ಹುಡುಕಿತು, ಏನೂ ಸಿಗಲಿಲ್ಲ. ಎರರ್‌ಗಳು ನೋಡಲು ಒಂದೇ ತರಹ, ಕಾರಣ ಮಾತ್ರ ಎರಡು.

ಪರಿಹಾರ ಸರಳ. ಇಡೀ ಲಿಬ್/* ಅನ್ನು ಡಬಲ್ ಕೋಟ್ ಒಳಗಿಡಿ. ಡಬಲ್ ಕೋಟ್ ಒಳಗೆ ಶೆಲ್ ನಕ್ಷತ್ರವನ್ನು ಬಿಡಿಸುವುದಿಲ್ಲ, ಆದರೆ ಡಾಲರ್ ವೇರಿಯೇಬಲ್‌ಗಳನ್ನು ಬಿಡಿಸುತ್ತದೆ. ನಮಗೆ ಬೇಕಾದದ್ದೂ ಅದೇ. ಕೆಲವರು ಕೋಟ್ ಒಳಗೆ ಲಿಬ್/*.ಜಾರ್ ಎಂದು ಬರೆಯುತ್ತಾರೆ. ಅದು ನಡೆಯುವುದಿಲ್ಲ. ಜಾವಾಗೆ ಬರೀ ನಕ್ಷತ್ರ ಗೊತ್ತು, ಅದರ ಹಿಂದೆ ಬಾಲ ಇರಬಾರದು. ಒಳಗಿನ ಸಬ್‌ಡೈರೆಕ್ಟರಿಗಳಿಗೂ ಅದು ಇಳಿಯುವುದಿಲ್ಲ. ಇನ್ನೊಂದು ಮಾತು: ಮುಂದೆ ಯಾವಾಗಲಾದರೂ ಮೈನಸ್ ಜಾರ್ ಬಳಸಿ ಓಡಿಸೋಣ ಎನಿಸಿದರೆ, ಆಗ ಮೈನಸ್ ಸಿಪಿಯಲ್ಲಿ ಏನು ಕೊಟ್ಟರೂ ಜಾವಾ ಅದನ್ನು ನೋಡುವುದೇ ಇಲ್ಲ. ಟೂಲ್ ಏಳುತ್ತದೆ, ಆದರೆ ತಕ್ಕ ಡ್ರೈವರ್ ಇಲ್ಲ ಎಂದು ನಿಂತುಬಿಡುತ್ತದೆ. ಡ್ರೈವರ್ ಜಾರ್ ಕಣ್ಣೆದುರೇ ಇದ್ದರೂ ಯಾಕೆ ಹೀಗೆ ಎಂದು ಜನ ಗಂಟೆಗಟ್ಟಲೆ ತಲೆ ಕೆಡಿಸಿಕೊಳ್ಳುವುದು ಇಲ್ಲೇ.

ಈಗ ಲಿಬ್ ಎಲ್ಲಿದೆ ಎಂದು ಸ್ಕ್ರಿಪ್ಟ್‌ಗೆ ತಿಳಿಯಬೇಕು. ಓರೆಗೆರೆಯಿಂದ ಶುರುವಾಗದ ಪ್ರತಿಯೊಂದು ದಾರಿಯನ್ನೂ ಯುನಿಕ್ಸ್ ಈಗಿನ ಡೈರೆಕ್ಟರಿಯಿಂದ ಲೆಕ್ಕ ಹಾಕುತ್ತದೆ. ಸ್ಕ್ರಿಪ್ಟ್ ಯಾವ ಡೈರೆಕ್ಟರಿಯಲ್ಲಿದೆ ಎನ್ನುವುದು ಅಲ್ಲಿ ಲೆಕ್ಕಕ್ಕೇ ಬರುವುದಿಲ್ಲ. ಸ್ಕ್ರಿಪ್ಟ್‌ನ ಹೆಸರು $0ಯಲ್ಲಿ ಸಿಗುತ್ತದೆ. ಅದನ್ನು ಡಿರ್‌ನೇಮ್ ಕಮಾಂಡ್‌ಗೆ ಕೊಟ್ಟರೆ ಡೈರೆಕ್ಟರಿ ಬರುತ್ತದೆ. ಅಲ್ಲಿಗೆ ಸಿಡಿ ಮಾಡಿ, ಪಿಡಬ್ಲ್ಯುಡಿ ಮೈನಸ್ ಪಿ ಕೇಳಿ, ಬಂದ ಉತ್ತರವನ್ನು ಒಂದು ವೇರಿಯೇಬಲ್‌ನಲ್ಲಿ ಇಟ್ಟುಕೊಳ್ಳಿ. ಈ ಸಿಡಿ ಮತ್ತು ಪಿಡಬ್ಲ್ಯುಡಿ ಎರಡೂ ಡಾಲರ್ ಆವರಣದ, ಅಂದರೆ $( ) ಒಳಗೇ ನಡೆಯಬೇಕು. ಆಗ ಅದು ಬೇರೆ ಶೆಲ್‌ನಲ್ಲಿ ನಡೆಯುತ್ತದೆ, ನಿಮ್ಮ ಸ್ಕ್ರಿಪ್ಟ್ ಇದ್ದ ಜಾಗದಲ್ಲೇ ಉಳಿಯುತ್ತದೆ.

ಇದನ್ನು ಒತ್ತಿ ಹೇಳಲು ಕಾರಣವಿದೆ. ಎಷ್ಟೋ ಸ್ಕ್ರಿಪ್ಟ್‌ಗಳು ಮೊದಲ ಸಾಲಿನಲ್ಲೇ ಟೂಲ್‌ನ ಡೈರೆಕ್ಟರಿಗೆ ಸಿಡಿ ಮಾಡಿಬಿಡುತ್ತವೆ. ಮೇಲ್ನೋಟಕ್ಕೆ ಎಲ್ಲ ಸರಿಹೋಯಿತು ಎನಿಸುತ್ತದೆ. ಆದರೆ ಬಳಸುವವರು ತಮ್ಮ ಡೈರೆಕ್ಟರಿಯಲ್ಲಿ ನಿಂತು, ಇಲ್ಲಿರುವ ಈ ಫೈಲ್ ಓದು, ರಿಪೋರ್ಟ್ ಇಲ್ಲೇ ಬರೆ ಎಂದಿರುತ್ತಾರೆ. ಟೂಲ್ ಓದುವ ಫೈಲ್ ಸಿಗುವುದಿಲ್ಲ. ಬರೆದ ರಿಪೋರ್ಟ್ ಟೂಲ್‌ನ ಡೈರೆಕ್ಟರಿಯಲ್ಲಿ ಹೋಗಿ ಕೂರುತ್ತದೆ. ಬಳಸುವವರು ನಿಂತ ಜಾಗ ಅವರದು, ಸ್ಕ್ರಿಪ್ಟ್ ಅದನ್ನು ಬದಲಿಸಬಾರದು.

ಇಲ್ಲೇ ಎರಡು ಚಿಕ್ಕ ಗುಂಡಿಗಳಿವೆ. ಯಾರಾದರೂ ಸಿಡಿಪಾತ್ ಎನ್ನುವ ವೇರಿಯೇಬಲ್ ಎಕ್ಸ್‌ಪೋರ್ಟ್ ಮಾಡಿದ್ದರೆ, ಕೆಲವೊಮ್ಮೆ ಸಿಡಿ ತಾನು ಹೋದ ಜಾಗದ ಹೆಸರನ್ನು ಹೊರಗೆ ಬರೆಯುತ್ತದೆ. ನಿಮ್ಮ ವೇರಿಯೇಬಲ್‌ನಲ್ಲಿ ಒಂದರ ಬದಲು ಎರಡು ಸಾಲು ಸೇರಿಕೊಳ್ಳುತ್ತವೆ. ಸಿಡಿಗೆ ಮೊದಲು ಅದನ್ನು ಖಾಲಿ ಮಾಡಿ. ಎರಡನೆಯದು ಲಿಂಕ್. ಸ್ಕ್ರಿಪ್ಟ್‌ಗೆ ಇನ್ನೊಂದು ಡೈರೆಕ್ಟರಿಯಿಂದ ಸಿಂಬಾಲಿಕ್ ಲಿಂಕ್ ಕೊಟ್ಟಿದ್ದರೆ $0ಯಲ್ಲಿ ಬರುವುದು ಲಿಂಕ್‌ನ ಹೆಸರು, ನಿಜವಾದ ಫೈಲ್‌ನದ್ದಲ್ಲ. ಆಗ ಮೊದಲು ರೀಡ್‌ಲಿಂಕ್ ಮೈನಸ್ ಎಫ್ ಮಾಡಿ ಅಸಲು ದಾರಿ ತೆಗೆಯಬೇಕು. ಲಿನಕ್ಸ್‌ನಲ್ಲಿ ಅದು ಸಿಗುತ್ತದೆ. ಹಳೆಯ ಮ್ಯಾಕ್‌ಓಎಸ್‌ಗಳಲ್ಲಿ ಮೈನಸ್ ಎಫ್ ಇರಲಿಲ್ಲ. ಅಲ್ಲೂ ಓಡಬೇಕಾದರೆ ಲಿಂಕ್ ಇರುವಷ್ಟು ಕಾಲ ರೀಡ್‌ಲಿಂಕ್ ಮಾಡುವ ಒಂದು ಪುಟ್ಟ ಲೂಪ್ ಬರೆಯಿರಿ.

ಆರ್ಗ್ಯುಮೆಂಟ್ ತುಂಡಾಗುವುದಕ್ಕೆ ಕಾರಣ $*. ಕೋಟ್ ಇಲ್ಲದ $* ಎಲ್ಲವನ್ನೂ ಸ್ಪೇಸ್ ಕಂಡಲ್ಲಿ ಕತ್ತರಿಸುತ್ತದೆ. ಕೋಟ್ ಹಾಕಿದ "$*" ಎಲ್ಲವನ್ನೂ ಅಂಟಿಸಿ ಒಂದೇ ಆರ್ಗ್ಯುಮೆಂಟ್ ಮಾಡುತ್ತದೆ. ಕೋಟ್ ಹಾಕಿದ "$@" ಮಾತ್ರ ಬಂದದ್ದನ್ನು ಬಂದ ಹಾಗೇ, ಒಂದೊಂದನ್ನೂ ಬೇರೆಯಾಗಿ ದಾಟಿಸುತ್ತದೆ. ಇಂಥ ಸ್ಕ್ರಿಪ್ಟ್‌ಗೆ ಬೇಕಾದದ್ದು ಅದೊಂದೇ. ಆರ್ಗ್ಯುಮೆಂಟ್‌ಗಳನ್ನು ಒಂದು ಸ್ಟ್ರಿಂಗ್ ವೇರಿಯೇಬಲ್‌ನಲ್ಲಿ ಕೂಡಿಸಿಟ್ಟು ಆಮೇಲೆ ಇವ್ಯಾಲ್ ಮಾಡುವ (ಆ ಸ್ಟ್ರಿಂಗನ್ನೇ ಕಮಾಂಡ್ ಎಂದು ಓಡಿಸುವ) ದಾರಿಯನ್ನು ದಯವಿಟ್ಟು ಹಿಡಿಯಬೇಡಿ. ಡೇಟಾಬೇಸ್‌ಗೆ ಬರೆಯುವ ಹಕ್ಕಿರುವ ಸ್ಕ್ರಿಪ್ಟ್‌ನಲ್ಲಂತೂ ಬೇಡವೇ ಬೇಡ.

ಆದರೆ ಸ್ಕ್ರಿಪ್ಟ್ ಒಳಗೆ ಎಷ್ಟೇ ಎಚ್ಚರವಿದ್ದರೂ ಕರೆಯುವ ಕಡೆ ಕೋಟ್ ಬಿಟ್ಟರೆ ಫಲವಿಲ್ಲ. ಜಾವಾದ ಕನೆಕ್ಷನ್ ವಿಳಾಸಗಳಲ್ಲಿ ಶೆಲ್‌ಗೆ ಅರ್ಥವಿರುವ ಗುರುತುಗಳೇ ಜಾಸ್ತಿ. ಮೈಎಸ್‌ಕ್ಯುಎಲ್ ವಿಳಾಸದಲ್ಲಿ ಆಯ್ಕೆಗಳ ನಡುವೆ & ಇರುತ್ತದೆ. ಕೋಟ್ ಇಲ್ಲದಿದ್ದರೆ ಶೆಲ್ ಅಲ್ಲಿಗೇ ಕಮಾಂಡ್ ಮುಗಿಯಿತೆಂದು ಅದನ್ನು ಬ್ಯಾಕ್‌ಗ್ರೌಂಡ್‌ಗೆ ಕಳಿಸುತ್ತದೆ. ಅರ್ಧ ವಿಳಾಸದೊಂದಿಗೆ ಟೂಲ್ ಓಡುತ್ತದೆ. ಎಸ್‌ಕ್ಯುಎಲ್ ಸರ್ವರ್ ವಿಳಾಸದಲ್ಲಿ ; ಇರುತ್ತದೆ. ಅದೂ ಶೆಲ್‌ಗೆ ಕಮಾಂಡಿನ ಕೊನೆಯೇ. ಡೇಟಾಬೇಸ್ ಹೆಸರು ಸಾಮಾನ್ಯವಾಗಿ ಆ ; ಆದಮೇಲೆ ಬರುವುದರಿಂದ, ಟೂಲ್ ಲಾಗಿನ್‌ನ ಡಿಫಾಲ್ಟ್ ಡೇಟಾಬೇಸ್‌ಗೆ ಹೋಗಿ ಅಲ್ಲಿ ಟೇಬಲ್ ಮಾಡಬಹುದು. ವಿಳಾಸಕ್ಕೆ ಯಾವಾಗಲೂ ಸಿಂಗಲ್ ಕೋಟ್ ಹಾಕಿ.

ಇನ್ನು ಕ್ರಾನ್. ಅದು ನಿಮ್ಮ ಪ್ರೊಫೈಲ್ ಫೈಲ್‌ಗಳನ್ನು ಓದುವುದಿಲ್ಲ. ಅದರ ಪಾತ್ ತುಂಬಾ ಚಿಕ್ಕದು, ಸಾಮಾನ್ಯವಾಗಿ /ಯುಎಸ್‌ಆರ್/ಬಿನ್ ಮತ್ತು /ಬಿನ್ ಮಾತ್ರ. ನಿಮ್ಮ ಜಾವಾ ಬೇರೆಲ್ಲೋ ಇದೆ. ಸ್ಕ್ರಿಪ್ಟ್‌ನಲ್ಲಿ ಹೀಗೆ ಮಾಡಿ: ಜಾವಾ ಹೋಮ್ ವೇರಿಯೇಬಲ್ ಇದ್ದರೆ ಅದರೊಳಗಿನ ಬಿನ್/ಜಾವಾ ತೆಗೆದುಕೊಳ್ಳಿ. ಇಲ್ಲದಿದ್ದರೆ ಪಾತ್‌ನಲ್ಲಿ ಹುಡುಕಿ. ಎರಡೂ ಇಲ್ಲದಿದ್ದರೆ ಏನು ಬೇಕು ಎಂದು ಒಂದು ಸಾಲಿನಲ್ಲಿ ಸ್ಪಷ್ಟವಾಗಿ ಹೇಳಿ ಎಕ್ಸಿಟ್ ಕೋಡ್ (ಕಮಾಂಡ್ ಮುಗಿಯುವಾಗ ಕೊಡುವ ಸಂಖ್ಯೆ, ಸೊನ್ನೆ ಎಂದರೆ ಗೆಲುವು) 127 ಕೊಟ್ಟು ನಿಲ್ಲಿ. ಕಮಾಂಡ್ ಸಿಗದಿದ್ದಾಗ ಶೆಲ್ ಕೊಡುವ ಸಂಖ್ಯೆಯೂ ಅದೇ. ಕ್ರಾನ್‌ಟ್ಯಾಬ್ ಸಾಲಿನಲ್ಲಿ % ಬಳಸುವಾಗ ಎಚ್ಚರ. ಅಲ್ಲಿ ಅದು ಹೊಸ ಸಾಲು ಎಂದಾಗುತ್ತದೆ, ಅದಕ್ಕಿಂತ ಮೊದಲು ಒಂದು ಬ್ಯಾಕ್‌ಸ್ಲ್ಯಾಷ್ ಹಾಕಬೇಕು. ಲಾಗ್ ಫೈಲ್ ಹೆಸರಿಗೆ ದಿನಾಂಕ ಸೇರಿಸಲು ಹೋಗಿ ಇಲ್ಲಿ ಎಡವುವವರು ಬಹಳ.

ಭಾಷೆಯ ಸೆಟ್ಟಿಂಗ್ ಕೂಡ ಕ್ರಾನ್‌ನಲ್ಲಿ ಖಾಲಿ ಇರಬಹುದು. ಜಾವಾ 18ರಿಂದ ಫೈಲ್‌ಗಳಿಗೆ ಯುಟಿಎಫ್-8 ಡಿಫಾಲ್ಟ್ ಆಗಿದೆ. ಅದಕ್ಕಿಂತ ಹಳೆಯ ಜಾವಾ ಲೊಕೇಲ್ ನೋಡಿ ಎನ್‌ಕೋಡಿಂಗ್ ಆರಿಸುತ್ತಿತ್ತು. ಟೂಲ್ ತಾನೇ ಎನ್‌ಕೋಡಿಂಗ್ ಹೇಳದಿದ್ದರೆ, ಕೈಯಿಂದ ಓಡಿಸಿದಾಗ ಸರಿಯಾಗಿ ಸೇರಿದ ಇಂಗ್ಲಿಷ್ ಅಲ್ಲದ ಅಕ್ಷರಗಳು ಕ್ರಾನ್‌ನಲ್ಲಿ ಪ್ರಶ್ನಾರ್ಥಕ ಚಿಹ್ನೆಗಳಾಗಿ ಟೇಬಲ್ ಸೇರುತ್ತವೆ. ಇದಕ್ಕೆ ಯಾವ ಎರರ್ ಸಂದೇಶವೂ ಬರುವುದಿಲ್ಲ. ಹಳೆಯ ಜಾವಾ ಆಗಿದ್ದರೆ ಫೈಲ್ ಎನ್‌ಕೋಡಿಂಗ್ ಯುಟಿಎಫ್-8 ಎಂದು ಮೈನಸ್ ಡಿ ಆಯ್ಕೆಯಲ್ಲಿ ಹೇಳಿಬಿಡಿ.

ನೀವು ಕೇಳದ, ಆದರೆ ನನಗೆ ಎಲ್ಲಕ್ಕಿಂತ ಮುಖ್ಯ ಎನಿಸುವ ವಿಷಯ ಎಕ್ಸಿಟ್ ಕೋಡ್. ಸ್ಕೀಮಾ ಟೂಲ್ ಸೋತಿತೋ ಗೆದ್ದಿತೋ ಎನ್ನುವುದರ ಮೇಲೆ ಮುಂದಿನ ಕೆಲಸವೆಲ್ಲ ನಿಂತಿರುತ್ತದೆ. ನಾನು ಹಿಂದೆ ಕೆಲಸ ಮಾಡುತ್ತಿದ್ದ ಒಂದು ಕಡೆ ಹೀಗಾಗಿತ್ತು. ಟೂಲ್‌ನ ಮಾತು ತೆರೆಯ ಮೇಲೂ ಕಾಣಲಿ, ಲಾಗ್ ಫೈಲ್‌ಗೂ ಹೋಗಲಿ ಎಂದು ನಾವು ಅದನ್ನು ಪೈಪ್ ಮಾಡಿ ಟೀ ಕಮಾಂಡ್‌ಗೆ ಕೊಟ್ಟಿದ್ದೆವು. ಒಂದು ರಾತ್ರಿ ಮೈಗ್ರೇಶನ್ (ಸ್ಕೀಮಾ ಬದಲಾವಣೆ) ಅರ್ಧದಲ್ಲಿ ಸೋತಿತು. ಆದರೆ ಪೈಪ್‌ನ ಫಲಿತಾಂಶ ಎಂದರೆ ಅದರ ಕೊನೆಯ ಕಮಾಂಡ್‌ನ ಫಲಿತಾಂಶ. ಟೀ ತನ್ನ ಕೆಲಸ ಚೆನ್ನಾಗಿಯೇ ಮಾಡಿತ್ತು, ಸೊನ್ನೆ ಕೊಟ್ಟಿತು. ಸ್ಕ್ರಿಪ್ಟ್ ಮುಂದೆ ಹೋಗಿ ಹೊಸ ಅಪ್ಲಿಕೇಶನ್ ಏರಿಸಿತು. ಅಪ್ಲಿಕೇಶನ್ ಹುಡುಕುತ್ತಿದ್ದ ಕಾಲಂ ಟೇಬಲ್‌ನಲ್ಲಿ ಇರಲೇ ಇಲ್ಲ. ಎರರ್ ಏನೋ ಲಾಗ್‌ನಲ್ಲಿ ಅಚ್ಚುಕಟ್ಟಾಗಿ ಬರೆದಿತ್ತು. ಅದನ್ನು ಓದುವವರು ಬೆಳಗಿನವರೆಗೆ ಯಾರೂ ಇರಲಿಲ್ಲ.

ಬ್ಯಾಷ್‌ನಲ್ಲಿ ಬರೆಯುತ್ತಿದ್ದರೆ ಮೇಲೆ ಪೈಪ್‌ಫೇಲ್ ಆಯ್ಕೆ ಹಾಕಿ. ಆಗ ಪೈಪ್‌ನಲ್ಲಿ ಯಾರು ಸೋತರೂ ಇಡೀ ಸಾಲು ಸೋತ ಹಾಗೆ. ಅದಕ್ಕಿಂತ ಸರಳ ಎಂದರೆ ಪೈಪನ್ನೇ ಬಿಟ್ಟು ನೇರ ಫೈಲ್‌ಗೆ ಬರೆಸುವುದು. ಹಿಂದಿನ ಕಮಾಂಡ್‌ನ ಎಕ್ಸಿಟ್ ಕೋಡ್ ಇರುವ $? ಓದುವುದಾದರೆ ಟೂಲ್ ಮುಗಿದ ಕೂಡಲೇ ಓದಿ. ನಡುವೆ ಒಂದು ಎಕೋ ಬಂದರೂ ಸಾಕು, ಅದು ಎಕೋದ ಫಲಿತಾಂಶವಾಗುತ್ತದೆ. ಕಮಾಂಡ್ ಸೋತರೆ ಸ್ಕ್ರಿಪ್ಟ್ ನಿಲ್ಲಿಸುವ ಸೆಟ್ ಮೈನಸ್ ಇ ಇದೆ, ಅದು ನೋಡಿಕೊಳ್ಳುತ್ತದೆ ಎಂದು ಪೂರ್ತಿ ನಂಬಬೇಡಿ. ಇಫ್ ಷರತ್ತಿನಲ್ಲಿ, ಅಥವಾ && ಮತ್ತು || ಎಡಗಡೆಯಲ್ಲಿ ಓಡುವ ಕಮಾಂಡ್ ಸೋತರೆ ಅದು ಸುಮ್ನೆ ಇರುತ್ತದೆ.

ಟೂಲ್ ಜೊತೆಗೆ ಅಲ್ಲಲ್ಲಿ ಪಿಎಸ್‌ಕ್ಯುಎಲ್ (ಪೋಸ್ಟ್‌ಗ್ರೆಸ್ ಡೇಟಾಬೇಸ್‌ನ ಕಮಾಂಡ್) ಬಳಸಿ ಎಸ್‌ಕ್ಯುಎಲ್ ಫೈಲ್ ಓಡಿಸುತ್ತಿದ್ದರೆ ಇನ್ನೂ ಜಾಸ್ತಿ ಎಚ್ಚರ ಬೇಕು. ಫೈಲ್‌ನ ನಡುವೆ ಎರರ್ ಬಂದರೂ ಪಿಎಸ್‌ಕ್ಯುಎಲ್ ಉಳಿದ ಸಾಲುಗಳನ್ನು ಓಡಿಸುತ್ತಾ ಹೋಗಿ ಕೊನೆಗೆ ಸೊನ್ನೆ ಕೊಡುತ್ತದೆ. ಆನ್ ಎರರ್ ಸ್ಟಾಪ್ ವೇರಿಯೇಬಲ್ ಹಾಕಿದರೆ ಮಾತ್ರ ಅಲ್ಲೇ ನಿಂತು 3 ಕೊಡುತ್ತದೆ. ಪೋಸ್ಟ್‌ಗ್ರೆಸ್‌ನಲ್ಲಿ ಟೇಬಲ್ ಬದಲಾವಣೆಯೂ ಟ್ರಾನ್ಸಾಕ್ಷನ್ ಒಳಗೆ ಬರುತ್ತದೆ, ಸೋತರೆ ಪೂರ್ತಿ ಹಿಂದಕ್ಕೆ ಹೋಗಬಹುದು. ಮೈಎಸ್‌ಕ್ಯುಎಲ್‌ನಲ್ಲಿ ಹಾಗಲ್ಲ. ಅಲ್ಲಿ ಆಲ್ಟರ್ ಟೇಬಲ್ ಓಡಿದರೆ ಅಲ್ಲಿಗೇ ಕಮಿಟ್. ಐದು ಬದಲಾವಣೆಯಲ್ಲಿ ಮೂರನೆಯದು ಸೋತರೆ ಮೊದಲ ಎರಡು ಉಳಿದೇಬಿಡುತ್ತವೆ. ಅದಕ್ಕೇ ಅಲ್ಲಿ ಎಕ್ಸಿಟ್ ಕೋಡ್ ಕಳೆದುಕೊಳ್ಳುವುದು ಇನ್ನೂ ದುಬಾರಿ.

ಇದರ ಜೊತೆಗೇ ಎಕ್ಸೆಕ್ ಬಗ್ಗೆ ಹೇಳಬೇಕು. ಕೊನೆಯ ಸಾಲಿನಲ್ಲಿ ಜಾವಾಕ್ಕಿಂತ ಮೊದಲು ಎಕ್ಸೆಕ್ ಎಂದು ಬರೆದರೆ ಶೆಲ್ ತನ್ನ ಜಾಗವನ್ನು ಜಾವಾಗೆ ಬಿಟ್ಟುಕೊಡುತ್ತದೆ. ಪ್ರೋಸೆಸ್ ಸಂಖ್ಯೆ ಅದೇ. ಎಕ್ಸಿಟ್ ಕೋಡ್ ನೇರವಾಗಿ ಹೊರಗೆ ಹೋಗುತ್ತದೆ. ಸಿಗ್ನಲ್ ನೇರವಾಗಿ ಒಳಗೆ ಬರುತ್ತದೆ. ಎಕ್ಸೆಕ್ ಇಲ್ಲದಿದ್ದರೆ ಶೆಲ್ ನಡುವೆ ನಿಂತಿರುತ್ತದೆ. ಯಾರಾದರೂ ಸ್ಕ್ರಿಪ್ಟ್‌ಗೆ ನಿಲ್ಲು ಎನ್ನುವ ಟರ್ಮ್ ಸಿಗ್ನಲ್ ಕಳಿಸಿದರೆ ಶೆಲ್ ಸಾಯುತ್ತದೆ, ಜಾವಾ ಮಾತ್ರ ಹಿಂದೆ ಅನಾಥವಾಗಿ ಓಡುತ್ತಲೇ ಇರುತ್ತದೆ. ಕಂಟೈನರ್ ಒಳಗೆ ಶೆಲ್ ಮೊದಲನೇ ಪ್ರೋಸೆಸ್ ಆಗಿದ್ದರೆ ಇನ್ನೂ ಕಷ್ಟ. ಅಲ್ಲಿ ಅದು ಟರ್ಮ್ ಸಿಗ್ನಲ್‌ಗೆ ಜಗ್ಗುವುದಿಲ್ಲ. ಕಂಟೈನರ್ ಓಡಿಸುವ ಡಾಕರ್ ಸಾಮಾನ್ಯವಾಗಿ 10 ಸೆಕೆಂಡ್ ಕಾಯುತ್ತದೆ, ಆಮೇಲೆ ಎಲ್ಲವನ್ನೂ ಬಲವಂತವಾಗಿ ಕೊಲ್ಲುತ್ತದೆ. ಮೈಗ್ರೇಶನ್ ನಡುವೆ ಹೀಗಾದರೆ ಬೀಗ ಹಾಕಿದ್ದನ್ನು ತೆಗೆಯಲು ಟೂಲ್‌ಗೆ ಸಮಯವೇ ಸಿಗುವುದಿಲ್ಲ. ಲಿಕ್ವಿಬೇಸ್ ಎನ್ನುವ ಸ್ಕೀಮಾ ಟೂಲ್ ಒಂದು ಪ್ರತ್ಯೇಕ ಲಾಕ್ ಟೇಬಲ್‌ನಲ್ಲಿ ಗುರುತು ಹಾಕಿಕೊಂಡು ಕೆಲಸ ಮಾಡುತ್ತದೆ. ಆ ಗುರುತು ಹಾಗೇ ಉಳಿದರೆ ಮುಂದಿನ ಸಲ ಟೂಲ್ ಲಾಕ್‌ಗಾಗಿ ಕಾಯುತ್ತಾ ಕೂರುತ್ತದೆ. ಆಗ ರಿಲೀಸ್ ಲಾಕ್ಸ್ ಕಮಾಂಡ್ ಇದೆ, ಆದರೆ ನಿಜಕ್ಕೂ ಬೇರೆ ಯಾರೂ ಓಡಿಸುತ್ತಿಲ್ಲ ಎಂದು ಖಚಿತವಾದ ಮೇಲೆ ಮಾತ್ರ ಅದನ್ನು ಬಳಸಿ.

ಎಕ್ಸೆಕ್ ಬೇಡದ ಸಂದರ್ಭವೂ ಒಂದಿದೆ. ಸ್ಕ್ರಿಪ್ಟ್ ತಾತ್ಕಾಲಿಕ ಫೈಲ್ ಮಾಡಿ, ಕೊನೆಗೆ ಅಳಿಸಲು ಟ್ರ್ಯಾಪ್ (ಶೆಲ್ ಮುಗಿಯುವಾಗ ಓಡುವ ಕಮಾಂಡ್) ಇಟ್ಟಿದ್ದರೆ, ಎಕ್ಸೆಕ್ ಆದಮೇಲೆ ಆ ಟ್ರ್ಯಾಪ್ ಓಡುವುದಿಲ್ಲ. ಶೆಲ್ಲೇ ಇರುವುದಿಲ್ಲ ಅಲ್ವಾ. ಆಗ ಎಕ್ಸೆಕ್ ಬಿಟ್ಟು, ಜಾವಾದ ಎಕ್ಸಿಟ್ ಕೋಡ್ ಹಿಡಿದಿಟ್ಟು, ಸಿಗ್ನಲ್‌ಗಳನ್ನೂ ನೀವೇ ದಾಟಿಸಬೇಕು. ಸಾಧ್ಯವಾದರೆ ತಾತ್ಕಾಲಿಕ ಫೈಲ್ ಇಲ್ಲದ ದಾರಿ ಹುಡುಕುವುದೇ ಲೇಸು.

ಪಾಸ್‌ವರ್ಡ್ ಆರ್ಗ್ಯುಮೆಂಟ್ ಆಗಿ ಬೇಡ. ಸಾಮಾನ್ಯ ಲಿನಕ್ಸ್ ಸೆಟ್ಟಿಂಗ್‌ನಲ್ಲಿ ಆ ಯಂತ್ರದ ಯಾವ ಬಳಕೆದಾರರೂ ಓಡುತ್ತಿರುವ ಪ್ರೋಸೆಸ್‌ಗಳನ್ನು ತೋರಿಸುವ ಪಿಎಸ್ ಕಮಾಂಡ್ ಕೊಟ್ಟು ಇತರರ ಆರ್ಗ್ಯುಮೆಂಟ್‌ಗಳನ್ನು ಓದಬಹುದು. ನಿಮ್ಮ ಶೆಲ್ ಹಿಸ್ಟರಿಯಲ್ಲೂ ಅದು ಉಳಿಯುತ್ತದೆ. ಎನ್ವಿರಾನ್ಮೆಂಟ್ ವೇರಿಯೇಬಲ್ ಸ್ವಲ್ಪ ಮೇಲು, ಅದನ್ನು ನೋಡಲು ಅದೇ ಬಳಕೆದಾರ ಅಥವಾ ರೂಟ್ ಆಗಿರಬೇಕು. ಸ್ಕೀಮಾ ಟೂಲ್‌ಗಳಾದ ಫ್ಲೈವೇ ಮತ್ತು ಲಿಕ್ವಿಬೇಸ್ ಎರಡೂ ಪಾಸ್‌ವರ್ಡನ್ನು ಹಾಗೆ ತೆಗೆದುಕೊಳ್ಳುತ್ತವೆ. ನನಗೆ ಇಷ್ಟವಾಗುವ ದಾರಿ, 600 ಪರ್ಮಿಶನ್ ಇರುವ (ಒಡೆಯ ಮಾತ್ರ ಓದಿ ಬರೆಯಬಲ್ಲ) ಒಂದು ಫೈಲ್. ಪಿಎಸ್‌ಕ್ಯುಎಲ್ ಈ ವಿಷಯದಲ್ಲಿ ಬಿಗಿಯಾಗಿದೆ. ಪಾಸ್‌ವರ್ಡ್ ಇಡುವ ಅದರ ಪಿಜಿಪಾಸ್ ಫೈಲ್ ಬೇರೆಯವರಿಗೂ ಓದಲು ಸಿಗುವಂತಿದ್ದರೆ ಅದನ್ನು ಬಳಸುವುದೇ ಇಲ್ಲ. ಇನ್ನೊಂದು, ದೋಷ ಹುಡುಕಲು ಸೆಟ್ ಮೈನಸ್ ಎಕ್ಸ್ (ಓಡುವ ಪ್ರತಿ ಕಮಾಂಡನ್ನೂ ಬರೆದು ತೋರಿಸುವ ಆಯ್ಕೆ) ಹಾಕಿದ್ದು ಮರೆತು ಉಳಿದರೆ ಸ್ಕ್ರಿಪ್ಟ್ ಪಾಸ್‌ವರ್ಡ್ ಇರುವ ಸಾಲನ್ನೂ ಲಾಗ್‌ಗೆ ಬರೆಯುತ್ತದೆ.

ಕ್ರಾನ್ ಓಡಿಸುವಾಗಲೇ ನೀವೂ ಕೈಯಿಂದ ಓಡಿಸಿದರೆ ಎರಡು ಟೂಲ್ ಒಟ್ಟಿಗೆ ಎದ್ದೇಳುತ್ತವೆ. ಒಂದೇ ಯಂತ್ರವಾದರೆ ಎಫ್‌ಲಾಕ್ ಮೈನಸ್ ಎನ್ (ಲಾಕ್ ಬೇರೆಯವರ ಬಳಿ ಇದ್ದರೆ ಕಾಯದೆ ಹಿಂದಿರುಗುವ ಕಮಾಂಡ್) ಸಾಕು. ಬೇರೆ ಬೇರೆ ಯಂತ್ರಗಳಿಂದ ಓಡುತ್ತದಾದರೆ ಡೇಟಾಬೇಸ್ ಒಳಗೆ ಟೂಲ್ ಹಾಕಿಕೊಳ್ಳುವ ಲಾಕ್ ಒಂದೇ ನಂಬಿಕೆಗೆ ಅರ್ಹ.

ಫೈಲನ್ನು ವಿಂಡೋಸ್‌ನಲ್ಲಿ ಎಡಿಟ್ ಮಾಡಿದ್ದರೆ ಸಾಲಿನ ಕೊನೆಯಲ್ಲಿ ಕಾಣದ ಒಂದು ಅಕ್ಷರ ಸೇರಿರುತ್ತದೆ. ಆಗ ಇರುವ ಇಂಟರ್‌ಪ್ರಿಟರನ್ನೇ ಇಲ್ಲ ಎನ್ನುತ್ತದೆ. ಆ ಅಕ್ಷರ ತೆಗೆದರೆ ಆಯಿತು. ಓಡಿಸುವ ಪರ್ಮಿಶನ್ ಇಲ್ಲದಿದ್ದರೆ 126 ಬರುತ್ತದೆ.

ಹೀಗೆ ತಿದ್ದಿದ ಸ್ಕ್ರಿಪ್ಟ್ ಹತ್ತು ಸಾಲು ದಾಟುವುದಿಲ್ಲ. ಲಿಂಕ್ ಬಿಡಿಸಿ ತನ್ನ ಜಾಗ ಕಂಡುಕೊಳ್ಳುತ್ತದೆ, ಜಾವಾ ಹುಡುಕುತ್ತದೆ, ಕೊನೆಗೆ ಎಕ್ಸೆಕ್, ಜಾವಾ, ಕೋಟ್ ಒಳಗೆ ಪೂರ್ತಿ ದಾರಿ ಮತ್ತು /*, ಮೇನ್ ಕ್ಲಾಸ್, "$@". ಬರೆದಾದ ಮೇಲೆ ಟೂಲನ್ನು ಹೆಸರಿನಲ್ಲಿ ಸ್ಪೇಸ್ ಇರುವ ಒಂದು ಡೈರೆಕ್ಟರಿಗೆ ಕಾಪಿ ಮಾಡಿ. ಬೇರೆಡೆಯಿಂದ ಅದಕ್ಕೊಂದು ಲಿಂಕ್ ಕೊಡಿ. ಮೂಲ ಡೈರೆಕ್ಟರಿ / ಒಳಗೆ ನಿಂತು, ಎನ್ವ್ ಮೈನಸ್ ಐ ಮೂಲಕ ಎಲ್ಲ ವೇರಿಯೇಬಲ್‌ಗಳನ್ನು ಕಿತ್ತುಹಾಕಿ, ಜಾವಾ ಹೋಮ್ ಮತ್ತು ಕ್ರಾನ್‌ನಲ್ಲಿರುವ ಚಿಕ್ಕ ಪಾತ್ ಮಾತ್ರ ಕೊಟ್ಟು, ಆ ಲಿಂಕನ್ನು ಓಡಿಸಿ. ಕ್ರಾನ್‌ಟ್ಯಾಬ್‌ನಲ್ಲೂ ಜಾವಾ ಹೋಮ್ ಸಾಲು ಬರೆದಿಡಿ. ಇದು ನಡೆದರೆ ಬೇಕೆಂದೇ ತಪ್ಪು ಪಾಸ್‌ವರ್ಡ್ ಇಟ್ಟು ಇನ್ನೊಮ್ಮೆ ಓಡಿಸಿ, ಕೂಡಲೇ $? ನೋಡಿ. ಅಲ್ಲಿ ಸೊನ್ನೆ ಕಂಡರೆ ಸ್ಕ್ರಿಪ್ಟನ್ನು ಕ್ರಾನ್‌ಗೆ ಇನ್ನೂ ಕೊಡಬೇಡಿ.